ಸುಣ್ಣವೂ ಪಾಠವೇ: ಕೈರೋದ ಒಂದು ಬೀದಿಗೋಡೆಯನ್ನು ಶಾಸನದ ಕಣ್ಣಲ್ಲಿ ಓದಿದಾಗ

ಶಾಸನ ಓದುವವರಿಗೆ ಸುಣ್ಣ ಕಂಡರೆ ಸಿಟ್ಟು. ಊರ ದೇವಸ್ಥಾನದ ಗೋಡೆಯಲ್ಲಿ ಹಳೆಯ ಬರಹ ಇದೆ ಅಂತ ಯಾರೋ ಹೇಳಿದ್ದನ್ನು ನಂಬಿ ಹೋಗಿರುತ್ತೇವೆ. ಹೋಗಿ ನೋಡಿದರೆ ಪ್ರತಿ ಹಬ್ಬಕ್ಕೂ ಬಳಿದ ಸುಣ್ಣ ಪದರ ಪದರವಾಗಿ ಅಕ್ಷರದೊಳಗೆ ತುಂಬಿಕೊಂಡು ಕೂತಿರುತ್ತೆ. ನೀರು ಹಾಕಿ, ಬ್ರಷ್ಷಿನಲ್ಲಿ ತಿಕ್ಕಿ, ಗೀರು ಕಂಡ ಮೇಲೇ ನಮ್ಮ ಕೆಲಸ ಶುರು. ನಮ್ಮ ಮಟ್ಟಿಗೆ ಸುಣ್ಣ ಅನ್ನೋದು ಪಾಠಕ್ಕೂ ನಮಗೂ ನಡುವೆ ಬಂದ ಅಡ್ಡಿ, ತೆಗೆದು ಬಿಸಾಡಬೇಕಾದ್ದು.

ಬೀದಿಗೋಡೆಯ ರಾಜಕೀಯ ಬರಹ, ಚಿತ್ರಗಳ ವಿಷಯದಲ್ಲಿ ಈ ಅಭ್ಯಾಸ ನಮ್ಮ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ವಾದ. ಅಲ್ಲಿ ಸುಣ್ಣವೂ ಪಾಠದ ಒಂದು ಸಾಲು. ಯಾರು ಬಳಿದರು, ಯಾವತ್ತು ಬಳಿದರು, ಎಷ್ಟು ಬಳಿದರು, ಏನನ್ನು ಬಿಟ್ಟರು ಅನ್ನುವುದನ್ನು ಓದದೆ ಬರೀ ಬಣ್ಣದ ಚಿತ್ರವನ್ನಷ್ಟೇ ಓದಿದರೆ, ಅದು ದಾನಶಾಸನದಲ್ಲಿ ದಾನ ಕೊಟ್ಟವನ ಹೆಸರು ಓದಿ ಶಾಪಾಶಯವನ್ನು ಬಿಟ್ಟುಬಿಟ್ಟ ಹಾಗೆ.

ಕಲ್ಲು, ತಾಮ್ರಪಟದ ಬಗ್ಗೆ ಮಾತಾಡೋ ಜಾಗದಲ್ಲಿ ಸ್ಪ್ರೇ ಪೇಂಟಿನ ವಿಷಯ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಶಾಸ್ತ್ರದ ಅತಿ ದೊಡ್ಡ ಸಂಪುಟಮಾಲೆಗಳಲ್ಲಿ ಒಂದಾದ ಲ್ಯಾಟಿನ್ ಶಾಸನಗಳ ಸಂಗ್ರಹವನ್ನೇ ನೋಡಿ. ಅದರ ನಾಲ್ಕನೇ ಸಂಪುಟ ಪೂರ್ತಿ ಗೋಡೆ ಬರಹಕ್ಕೇ ಮೀಸಲು. ಕಾರ್ಲ್ ತ್ಸಾಂಗೆಮೈಸ್ಟರ್ ಅದನ್ನು 1871ರಲ್ಲಿ ಹೊರತಂದರು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೇಯಿ ನಗರದ ಗೋಡೆಗಳಿಂದ ಚುನಾವಣಾ ಬರಹಗಳೇ 2,500ಕ್ಕೂ ಹೆಚ್ಚು ಸಿಕ್ಕಿವೆ. ಗೋಡೆಗೆ ಸುಣ್ಣ ಬಳಿದು, ಅದರ ಮೇಲೆ ಕೆಂಪಿನಲ್ಲೋ ಕಪ್ಪಿನಲ್ಲೋ ಇಂಥವರನ್ನು ಇಂಥ ಹುದ್ದೆಗೆ ಆರಿಸಿ ಅಂತ ಬರೆಯುತ್ತಿದ್ದರು. ಮುಂದಿನ ವರ್ಷ ಮತ್ತೆ ಸುಣ್ಣ, ಮತ್ತೆ ಹೊಸ ಹೆಸರು. ಬರೆಯುವವರ ತಂಡದಲ್ಲಿ ಸುಣ್ಣ ಬಳಿಯುವವನೂ ಒಬ್ಬ ಇರುತ್ತಿದ್ದ. ಕೆಲವು ಕಡೆ ಅವನ ಹೆಸರೂ ಇದೆ. ಒಂದು ಕಡೆ ದೀಪ ಹಿಡಿದವನಿಗೆ ಏಣಿ ಗಟ್ಟಿಯಾಗಿ ಹಿಡ್ಕೋ ಅಂತ ಹೇಳಿದ್ದೂ ಗೋಡೆಯ ಮೇಲೇ ಉಳಿದಿದೆ. ರಾತ್ರಿ ಹೊತ್ತಿನ ಕೆಲಸ ಅದು. ಎಮಿಲಿಯಸ್ ಸೆಲರ್ ಅನ್ನುವ ಬರಹಗಾರನಂತೂ ಬೆಳದಿಂಗಳಲ್ಲಿ ತಾನೊಬ್ಬನೇ ಬರೆದದ್ದು ಅಂತ ಸಹಿ ಹಾಕಿದ್ದಾನೆ.

ಇದೇ ಸೆಲರ್ ಇನ್ನೊಂದು ಚುನಾವಣಾ ಬರಹದ ಕೊನೆಯಲ್ಲಿ ಒಂದು ಶಾಪ ಹಾಕುತ್ತಾನೆ: ಹೊಟ್ಟೆಕಿಚ್ಚಿನಿಂದ ಇದನ್ನು ಅಳಿಸುವವನೇ, ನಿನಗೆ ರೋಗ ಬರಲಿ. ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕುಬಿಟ್ಟೆ, ಯಾಕೆಂದರೆ ಇದು ನಮ್ಮದೇ ಮಾತು. ನಮ್ಮ ಶಾಸನಗಳಲ್ಲಿ ‘ಇದನಳಿದವಂ’ ಅಂತ ಶುರುವಾಗಿ ವಾರಾಣಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ತಗಲುತ್ತದೆ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಬೇಕಾಗುತ್ತದೆ ಅಂತೆಲ್ಲ ಮುಗಿಯುವುದಿಲ್ಲವೇ? ಹಳಗನ್ನಡದ ‘ಅೞಿ’ ಅಂದರೆ ಹಾಳುಮಾಡು, ನಾಶವಾಗು. ಇವತ್ತು ನಾವು ಪೆನ್ಸಿಲ್ ಗೀಟನ್ನು ‘ಅಳಿಸು’ ಅನ್ನುವಾಗ ಅದೇ ಬೇರಿನ ಮಾತನ್ನೇ ಆಡುತ್ತಿದ್ದೇವೆ. ದತ್ತಿಯನ್ನು ಕಿತ್ತುಕೊಳ್ಳುವುದಕ್ಕೂ ಅಕ್ಷರವನ್ನು ಒರೆಸುವುದಕ್ಕೂ ನಮ್ಮ ಭಾಷೆಯಲ್ಲಿ ಬೇರು ಒಂದೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ನಮ್ಮ ಶಾಸನಕಾರ ‘ಆಚಂದ್ರಾರ್ಕತಾರಂ’ ಅನ್ನುತ್ತಾನೆ, ಸೂರ್ಯಚಂದ್ರರನ್ನು ಕಲ್ಲಿನ ಮೇಲೆ ಕೆತ್ತಿಯೂ ತೋರಿಸುತ್ತಾನೆ. ಸೆಲರ್‌ಗೆ ಬೇಕಿದ್ದದ್ದು ಚುನಾವಣೆ ಮುಗಿಯೋವರೆಗಿನ ಬಾಳಿಕೆ, ಅಷ್ಟೇ. ಆದರೂ ಶಾಪ ಹಾಕಿದ. ಅಳಿಯುತ್ತದೆ ಅಂತ ಗೊತ್ತಿದ್ದೂ ಅಳಿಸಬೇಡ ಅನ್ನುವ ಈ ಹಟ ಬೀದಿ ಬರಹದ ಸ್ವಭಾವದಲ್ಲೇ ಇದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಗೆದು ತೆಗೆದ ಮೇಲೆ ಬಿಸಿಲು ಮಳೆಗೆ ಸಿಕ್ಕಿ ಆ ಬರಹಗಳಲ್ಲಿ ಬಹಳಷ್ಟು ಅಳಿದುಹೋದವು. ಇವತ್ತು ನಾವು ಓದುವುದು ಆವತ್ತು ಮಾಡಿಕೊಂಡ ಪ್ರತಿಯನ್ನು. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ಹಿಡಿದು ಹಳ್ಳಿ ಸುತ್ತಿದವರಿಗೆ ಇದು ಹೊಸ ವಿಷಯವಲ್ಲ. ರೈಸ್ ಅವರ ಕಾಲದಲ್ಲಿ ಇದ್ದ ಎಷ್ಟೋ ಕಲ್ಲು ಇವತ್ತು ಅಲ್ಲಿಲ್ಲ, ಪಾಠ ಮಾತ್ರ ಇದೆ.

ಈಗ ಕೈರೋಗೆ ಬರೋಣ. ತಹ್ರೀರ್ ಚೌಕದಿಂದ ಒಳಾಡಳಿತ ಸಚಿವಾಲಯ ಇದ್ದ ದಿಕ್ಕಿಗೆ ಹೋಗುವ ಬೀದಿ ಮೊಹಮ್ಮದ್ ಮಹಮೂದ್ ಬೀದಿ. ಅದರ ಒಂದು ಪಕ್ಕದಲ್ಲಿ ಕೈರೋದ ಅಮೆರಿಕನ್ ವಿಶ್ವವಿದ್ಯಾಲಯದ ಹಳೆಯ ಆವರಣದ ಉದ್ದ ಗೋಡೆ. 2011ರ ಫೆಬ್ರವರಿಯಲ್ಲಿ ಮುಬಾರಕ್ ಇಳಿದು ಸೇನೆಯ ಮಂಡಳಿ ಅಧಿಕಾರ ಹಿಡಿಯಿತು. ಆ ವರ್ಷದ ನವೆಂಬರಿನಲ್ಲಿ ಇದೇ ಬೀದಿಯಲ್ಲಿ ಪೊಲೀಸರಿಗೂ ಪ್ರತಿಭಟನಕಾರರಿಗೂ ದಿನಗಟ್ಟಲೆ ಕಾಳಗವಾಯಿತು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಚೆರ್ರೆ ಗುಂಡು ತಾಗಿ ಹಲವರು ಕಣ್ಣು ಕಳೆದುಕೊಂಡರು; ಜನ ಬೀದಿಗೇ ‘ಸ್ವಾತಂತ್ರ್ಯದ ಕಣ್ಣುಗಳ ಬೀದಿ’ ಅಂತ ಹೆಸರಿಟ್ಟರು. 2012ರ ಫೆಬ್ರವರಿ 1ರಂದು ಪೋರ್ಟ್ ಸಯೀದ್ ನಗರದ ಫುಟ್‌ಬಾಲ್ ಮೈದಾನದಲ್ಲಿ ಅಲ್ ಅಹ್ಲಿ ತಂಡದ ಎಪ್ಪತ್ತಕ್ಕೂ ಹೆಚ್ಚು ಅಭಿಮಾನಿಗಳು ಕೊಲೆಯಾದರು. ಅದಾದ ಮೇಲೆ ಲಕ್ಸರ್‌ನ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಮ್ಮಾರ್ ಅಬೂ ಬಕ್ರ್, ಅಲಾ ಅವಾದ್ ಕೈರೋಗೆ ಬಂದು, ಇತರರ ಜೊತೆ ಸೇರಿ ಈ ಗೋಡೆಯನ್ನು ತುಂಬಿದರು.

ಅವರು ಬರೆದದ್ದೇನು? ಸತ್ತ ಹುಡುಗರ ಮುಖಗಳು, ಅವರ ಹೆಸರು, ಬೆನ್ನಿಗೆ ರೆಕ್ಕೆ. ಪಕ್ಕದಲ್ಲಿ ಅವಾದ್ ಬರೆದ ಶವಯಾತ್ರೆ: ಲಕ್ಸರ್‌ನ ಪಶ್ಚಿಮ ದಡದ ಗೋರಿಗಳ ಗೋಡೆಯಲ್ಲಿ ಕೈ ಎತ್ತಿ ಅಳುವ ಹೆಂಗಸರ ಸಾಲು ಇದೆಯಲ್ಲ, ಅದೇ ಶೈಲಿ.

ಈ ಫೋಟೋಗಳನ್ನು ನೋಡಿದಾಗ ನನಗೆ ನೆನಪಾಗುವುದು ವೀರಗಲ್ಲು. ಒಬ್ಬ ಸತ್ತ, ಅವನ ಹೆಸರು ಇದು, ಇಂಥ ಜಗಳದಲ್ಲಿ ಸತ್ತ, ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ದರು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯನ ಕಲ್ಲು, ಸುಮಾರು ಕ್ರಿ.ಶ. 750ರದ್ದು, ನೋಡಿದವರಿಗೆ ಈ ವರಸೆ ಗೊತ್ತು. ಕೈರೋದ ಹುಡುಗರ ರೆಕ್ಕೆ ಮಾಡುವ ಕೆಲಸ ನಮ್ಮ ಅಪ್ಸರೆಯರ ಕೆಲಸವೇ. ವೀರಗಲ್ಲಿನಲ್ಲಿ ಜಾಗಕ್ಕೂ ಬೆಲೆ ಇರುತ್ತೆ, ವೀರ ಬಿದ್ದ ನೆಲದ ಹತ್ತಿರವೇ ಕಲ್ಲು ನಿಲ್ಲುತ್ತೆ. ಕಣ್ಣು ಹೋದವರ, ಸತ್ತವರ ಮುಖಗಳು ಈ ಬೀದಿಯಲ್ಲೇ ಇರಬೇಕಾದದ್ದು ಅದಕ್ಕೇ. ಆದರೆ ವೀರಗಲ್ಲಿಗೆ ಊರಗೌಡನದ್ದೋ ಅರಸನದ್ದೋ ಒಪ್ಪಿಗೆ ಇರುತ್ತಿತ್ತು. ಎಷ್ಟೋ ಸಲ ಸತ್ತವನ ಮನೆಯವರಿಗೆ ಭೂಮಿ ಕೊಟ್ಟದ್ದೂ ಅದರಲ್ಲೇ ಇರುತ್ತದೆ. ಇಲ್ಲಿ ಸತ್ತವರನ್ನು ಕೊಂದ ಆರೋಪ ಹೊತ್ತವರೇ ಅಧಿಕಾರದಲ್ಲಿದ್ದರು. ಅರಸನ ವಿರುದ್ಧ ನೆಟ್ಟ ವೀರಗಲ್ಲು ಎಷ್ಟು ದಿನ ನಿಂತೀತು?

ನಿಲ್ಲಲಿಲ್ಲ. ಮೊದಲ ಅಳಿಸುವಿಕೆ ಬಂದದ್ದು ಮಾತ್ರ ನಾವು ಅಂದುಕೊಂಡ ದಿಕ್ಕಿನಿಂದಲ್ಲ. 2012ರ ಮೇ ತಿಂಗಳು, ಅಧ್ಯಕ್ಷ ಚುನಾವಣೆಯ ಹೊತ್ತು. ಅಬೂ ಬಕ್ರ್ ತಾವೇ ಬರೆದ ಹುತಾತ್ಮರ ಮುಖಗಳ ಮೇಲೆ ತಾವೇ ಬಿಳಿ ಬಳಿದು, ಸತ್ತ ಮಕ್ಕಳ ಫೋಟೋ ಹಿಡಿದು ನಿಂತ ತಾಯಂದಿರನ್ನು ಬರೆದರು. ಜೊತೆಗೊಂದು ಕುಹಕದ ಬರಹ: ಆದದ್ದು ಮರೆತುಬಿಡಿ, ಚುನಾವಣೆ ಹಿಂದೆ ಹೋಗಿ. ಇಲ್ಲಿ ಬಿಳಿ ಬಣ್ಣವೇ ವಾಕ್ಯದ ಕ್ರಿಯಾಪದ. ಮರೆತುಬಿಡಿ ಅನ್ನುವುದನ್ನು ಬರೆದು ಹೇಳುವ ಮೊದಲೇ ಬಳಿದು ಹೇಳಿದ್ದಾರೆ. ಮೇಲಿನ ಪದರವನ್ನು ಮಾತ್ರ ನೋಡಿದವರಿಗೆ ತಾಯಂದಿರು ಕಾಣುತ್ತಾರೆ; ಕೆಳಗಿದ್ದ ಮಕ್ಕಳನ್ನು ನೆನಪಿಟ್ಟವರಿಗೆ ಮಾತ್ರ ವಾಕ್ಯ ಪೂರ್ತಿಯಾಗುತ್ತದೆ. ಈ ಗೋಡೆಯ ಪದರಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು ಅಂತ ನನ್ನ ಅಭಿಪ್ರಾಯ.

ಎರಡನೆಯದು ಅಧಿಕಾರದ ಸುಣ್ಣ. 2012ರ ಸೆಪ್ಟೆಂಬರಿನ ಒಂದು ರಾತ್ರಿ ಪೊಲೀಸ್ ಕಾವಲಿನಲ್ಲಿ ಗೋಡೆಯನ್ನು ಬಳಿದು ಮುಗಿಸಿದರು. ಆಗ ಮೊರ್ಸಿ ಅಧ್ಯಕ್ಷರಾಗಿ ಕೆಲವೇ ತಿಂಗಳು. ಮರುದಿನವೇ ಜನ ಬಂದು ಮತ್ತೆ ಬರೆದರು. ನಾಲಿಗೆ ಚಾಚಿ ಅಣಕಿಸುವ ಒಂದು ಹಸಿರು ಮುಖ, ಪಕ್ಕದಲ್ಲಿ ‘ಇನ್ನಷ್ಟು ಅಳಿಸು, ಪುಕ್ಕಲು ಸರ್ಕಾರವೇ’ ಎನ್ನುವ ಅರ್ಥದ ಬರಹ. ಅರಬ್ಬಿಯಲ್ಲಿ ಅದು ಪ್ರಾಸಬದ್ಧ ಘೋಷಣೆ. ಸೆಲರ್ ಅಳಿಸಬೇಡ ಅಂತ ಶಾಪ ಹಾಕಿದ್ದ. ಇವರು ಅಳಿಸು ಅಂತ ಸವಾಲು ಹಾಕುತ್ತಾರೆ. ಶಾಪಾಶಯ ತಲೆಕೆಳಗಾಗಿದೆ. ಸುಣ್ಣ ಬಳಿದಷ್ಟೂ ಹೊಸ ಹಾಳೆ ಕೊಟ್ಟ ಹಾಗೆ ಅನ್ನುವುದು ಇವರಿಗೆ ಗೊತ್ತಾಗಿಬಿಟ್ಟಿತ್ತು.

2013ರ ನವೆಂಬರಿಗೆ, ಕಾಳಗದ ಎರಡನೇ ವರ್ಷಕ್ಕೆ, ಕಲಾವಿದರು ಹಳೆಯ ಪದರಗಳನ್ನೆಲ್ಲ ಮುಚ್ಚಿ ಸೈನಿಕರ ಸಮವಸ್ತ್ರದ ಚುಕ್ಕೆಚುಕ್ಕೆ ವಿನ್ಯಾಸವನ್ನು ಗುಲಾಬಿ ಬಣ್ಣದಲ್ಲಿ ಬಳಿದರು. ಅಷ್ಟರಲ್ಲಿ ಸೇನೆ ಮತ್ತೆ ಅಧಿಕಾರಕ್ಕೆ ಬಂದಿತ್ತು. 2015ರಲ್ಲಿ ವಿಶ್ವವಿದ್ಯಾಲಯವೇ ಗೋಡೆಯ ಒಂದು ಭಾಗವನ್ನು ಕೆಡವಿತು. ಅದರೊಂದಿಗೆ ಎಲ್ಲ ಪದರಗಳೂ ಒಟ್ಟಿಗೆ ಹೋದವು. ಈ ಬದಲಾವಣೆಗಳನ್ನು ಬಿಡದೆ ಫೋಟೋ ತೆಗೆದು, ಪದರ ಪದರವಾಗಿ ಬರೆದಿಟ್ಟವರಲ್ಲಿ ಮುಖ್ಯರು ಅದೇ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞೆ ಮೋನಾ ಅಬಾಜಾ. ಅವರು 2021ರಲ್ಲಿ ತೀರಿಕೊಂಡರು. ಶಾಸನಶಾಸ್ತ್ರ ಓದಿದವರಲ್ಲ, ಆದರೆ ಮಾಡಿದ್ದು ನಮ್ಮ ಕೆಲಸವನ್ನೇ.

ನಮ್ಮ ಶಾಸ್ತ್ರಕ್ಕೆ ಇಂಥದ್ದನ್ನು ದಾಖಲಿಸುವ ಉಪಕರಣ ಇಲ್ಲವೇ? ಇದೆ. 1931ರಲ್ಲಿ ಲೈಡನ್‌ನಲ್ಲಿ ಸೇರಿದ ವಿದ್ವಾಂಸರು ಪಾಠ ಸಂಪಾದನೆಯ ಚಿಹ್ನೆಗಳನ್ನು ಒಪ್ಪಿಕೊಂಡರಲ್ಲ, ಅದರಲ್ಲಿ ಸವೆದುಹೋದ ಅಕ್ಷರಕ್ಕೆ ಒಂಟಿ ಚೌಕ ಆವರಣ, ಆ ಕಾಲದಲ್ಲೇ ಬೇಕೆಂದು ಕೆತ್ತಿ ತೆಗೆದ ಅಕ್ಷರಕ್ಕೆ ಜೋಡಿ ಚೌಕ ಆವರಣ. ಕಾಲ ತಿಂದದ್ದು ಬೇರೆ, ಕೈ ಅಳಿಸಿದ್ದು ಬೇರೆ. ಇದಕ್ಕೆ ಪಾಠದಂತಿರುವ ಉದಾಹರಣೆ ರೋಮ್‌ನಲ್ಲಿದೆ. ಕ್ರಿ.ಶ. 203ರ ಸೆಪ್ಟಿಮಿಯಸ್ ಸೆವೆರಸ್ ಕಮಾನಿನ ಮೇಲೆ ಚಕ್ರವರ್ತಿಯ ಜೊತೆ ಇಬ್ಬರು ಮಕ್ಕಳ ಹೆಸರೂ ಇತ್ತು. ದೊಡ್ಡವನು ಕಾರಕಲ್ಲ ತಮ್ಮ ಗೇಟನನ್ನು ಕೊಲ್ಲಿಸಿದ ಮೇಲೆ ತಮ್ಮನ ಹೆಸರನ್ನು ತೆಗೆಸಿ, ಖಾಲಿ ಜಾಗಕ್ಕೆ ಹೊಗಳಿಕೆಯ ಪದಗಳನ್ನು ತುಂಬಿಸಿದ. ಹಳೆಯ ಕಂಚಿನ ಅಕ್ಷರ ಕೂರಿಸಿದ್ದ ತೂತುಗಳು ಹಾಗೇ ಉಳಿದವು. ವಿದ್ವಾಂಸರು ಆ ತೂತುಗಳನ್ನು ಓದಿ ಗೇಟನ ಹೆಸರನ್ನು ವಾಪಸು ತಂದರು. ಈಜಿಪ್ಟಿನಲ್ಲಂತೂ ಇದು ಇನ್ನೂ ಹಳೆಯ ವಿದ್ಯೆ: ಲಕ್ಸರ್ ಎದುರಿನ ದೇರ್ ಅಲ್ ಬಹ್ರಿಯಲ್ಲಿ ರಾಣಿ ಹಾತ್‌ಶೆಪ್ಸುತ್ ಆಕೃತಿಗಳನ್ನು ಮೂರನೇ ಥುತ್ಮೋಸ್ ಕಾಲದಲ್ಲಿ ಉಳಿಯಿಂದ ಕೆತ್ತಿ ತೆಗೆದರು, ಗಾಯದ ಅಂಚು ಅವಳ ಆಕಾರದಲ್ಲೇ ಉಳಿಯಿತು. ಲಕ್ಸರ್‌ನಿಂದ ಬಂದ ಆ ಕಲಾವಿದರಿಗೆ ನೆರೆಹೊರೆಯೇ ಇಂಥ ಗಾಯಗಳದ್ದು.

ನನಗೆ ಅನ್ನಿಸುವುದು ಇಷ್ಟು: ಕೈರೋದ ಗೋಡೆಯನ್ನು ಸಂಪಾದಿಸುವಾಗ ಬೇಕಾಗಿರುವುದು ಜೋಡಿ ಆವರಣ. ಆದರೆ ಇಂಟರ್‌ನೆಟ್ಟಿನಲ್ಲಿ ಓಡಾಡುವ ಫೋಟೋಗಳಲ್ಲಿ ಹೆಚ್ಚಿನವು ಮಾಡುವುದು ಬೇರೆಯೇ. ಸುಂದರವಾದ ಒಂದು ಮುಖಕ್ಕೆ ಚೌಕಟ್ಟು ಹಾಕಿ, ಪಕ್ಕದ ಹೆಸರನ್ನು, ಕೆಳಗೆ ಇಣುಕುವ ಹಳೆಯ ಪದರವನ್ನು, ಮೇಲೆ ಯಾರೋ ಗೀಚಿದ ಬೈಗುಳವನ್ನು ಕತ್ತರಿಸಿ ಹಾಕುತ್ತವೆ. ತಾರೀಖೂ ಇರೋದಿಲ್ಲ. ಮೊದಲೆರಡು ಸಾಲು ಮಾತ್ರ ಅಚ್ಚು ತೆಗೆದುಕೊಂಡು ಬಂದವನ ಕೆಲಸ ಇದು.

ಪದರ ಓದದಿದ್ದರೆ ಏನು ಕಳೆದುಹೋಗುತ್ತೆ ಅನ್ನುವುದಕ್ಕೆ ಅದೇ ಬೀದಿಯ ಇನ್ನೊಂದು ಚಿತ್ರ ಸಾಕ್ಷಿ. ಪಿಕಾಸೋ ಎಂಬ ಅಡ್ಡಹೆಸರಿನ ಕಲಾವಿದನ ಕೆಲಸ ಅದು. ಒಂದೇ ಮುಖ, ಅರ್ಧ ಮುಬಾರಕ್, ಇನ್ನರ್ಧ ಸೇನಾ ಮಂಡಳಿಯ ಮುಖ್ಯಸ್ಥ ತಂತಾವಿ. ಈಜಿಪ್ಟಿನಲ್ಲಿ ಒಂದು ಗಾದೆ ಇದೆ: ಮಕ್ಕಳನ್ನು ಹೆತ್ತವನು ಸತ್ತಿಲ್ಲ. ಹೆತ್ತ ಅನ್ನುವುದಕ್ಕೆ ಅರಬ್ಬಿ ಮಾತು ‘ಖಲ್ಲಿಫ್’. ಆ ಮೊದಲ ಅಕ್ಷರ ಒಂದನ್ನು ಬದಲಿಸಿ ‘ಕಲ್ಲಿಫ್’ ಅಂದರೆ, ಅಧಿಕಾರ ವಹಿಸಿಕೊಟ್ಟ ಅಂತ ಅರ್ಥ. ಗೋಡೆಯ ಮೇಲೆ ಬರೆದದ್ದು ಎರಡನೆಯದು: ವಹಿಸಿಕೊಟ್ಟವನು ಸತ್ತಿಲ್ಲ. ಒಂದು ಅಕ್ಷರದ ಆಟ, ಅದರಲ್ಲಿ ಇಡೀ ರಾಜಕೀಯ. ಸುಣ್ಣ ಬಿತ್ತು. ಮತ್ತೆ ಬರೆದಾಗ, 2012ರ ಮೇ ಹೊತ್ತಿಗೆ, ಅದೇ ಸಾಲಿಗೆ ಇಬ್ಬರು ಅಭ್ಯರ್ಥಿಗಳ ಮುಖ ಸೇರಿಕೊಂಡಿತ್ತು, ಅಮ್ರ್ ಮೂಸಾ ಮತ್ತು ಅಹ್ಮದ್ ಶಫೀಕ್. ಅಂದರೆ ಗಾದೆ ನಿಜವಾಗುತ್ತಾ ಹೋದ ಹಾಗೆ ಚಿತ್ರಕ್ಕೂ ಮಕ್ಕಳು ಹುಟ್ಟುತ್ತಾ ಹೋದರು! ಯಾವುದು ಮೂಲ ಪಾಠ ಅಂತ ಕೇಳಿದರೆ ಉತ್ತರವಿಲ್ಲ. ರಾಜವಂಶದ ಶಾಸನದಲ್ಲಿ ಪ್ರತಿ ತಲೆಮಾರಿಗೂ ವಂಶಾವಳಿಯ ಸಾಲು ಉದ್ದವಾಗುವುದಿಲ್ಲವೇ, ಹಾಗೆಯೇ ಇದೂ.

ಇಲ್ಲಿ ಒಂದು ಎಚ್ಚರದ ಮಾತು ಹೇಳಲೇಬೇಕು. ಜನ ಬರೆಯುತ್ತಾರೆ, ಸರ್ಕಾರ ಅಳಿಸುತ್ತದೆ ಅನ್ನುವ ಸರಳ ಕತೆಗೆ ನಾವು ಬೇಗ ಮರುಳಾಗುತ್ತೇವೆ. ಗಂಜೀರ್ ಎಂಬ ಕಲಾವಿದ 2011ರಲ್ಲಿ ಜಮಾಲೆಕ್ ಬಡಾವಣೆಯ ಮೇಲ್ಸೇತುವೆಯ ಕೆಳಗೆ ಒಂದು ಚಿತ್ರ ಬರೆದರು: ಒಂದು ಕಡೆ ದೊಡ್ಡ ಟ್ಯಾಂಕ್, ಎದುರಿಗೆ ತಲೆಯ ಮೇಲೆ ರೊಟ್ಟಿಯ ತಟ್ಟೆ ಹೊತ್ತು ಸೈಕಲ್ ತುಳಿಯುವ ಹುಡುಗ. ಬೇರೊಬ್ಬರು ಹುಡುಗನ ಹಿಂದೆ ಬೇಸರದ ಮುಖದ ಪಾಂಡಾ ಸೇರಿಸಿದರು. ಮತ್ತೊಬ್ಬರು ಟ್ಯಾಂಕಿನಡಿ ನುಜ್ಜುಗುಜ್ಜಾದ ಜನರನ್ನು ಸೇರಿಸಿದರು. ಆಮೇಲೆ ಸೇನೆಯ ಪರವಾದ ಯುವಕರ ಗುಂಪೊಂದು ಬಂದು ಸೇನೆಗೆ ವಿರುದ್ಧವಾಗಿ ಕಂಡದ್ದನ್ನು ಬಿಳಿ ಬಳಿದು ಟ್ಯಾಂಕನ್ನು ಹಾಗೇ ಬಿಟ್ಟಿತು. ಅಳಿಸಿದವರೂ ಜನರೇ. ಪಾಂಪೇಯಿಯಲ್ಲೂ ಹಾಗೆಯೇ. ಅಲ್ಲಿ ಗೋಡೆಯ ಮೇಲೆ ಗೆದ್ದವರೆಲ್ಲ ಊರಿನ ಸಿರಿವಂತರೇ. ವಾತಿಯಾ ಎಂಬ ಅಭ್ಯರ್ಥಿಗೆ ಕಳ್ಳರ, ತಡರಾತ್ರಿ ಕುಡಿಯುವವರ ಬೆಂಬಲ ಇದೆ ಅಂತ ಬರೆದದ್ದು ವಿರೋಧಿಗಳ ಕಿತಾಪತಿಯೋ ಗೆಳೆಯರ ತಮಾಷೆಯೋ, ವಿದ್ವಾಂಸರು ಇವತ್ತಿಗೂ ಜಗಳಾಡುತ್ತಾರೆ. ಗೋಡೆ ಬರಹ ಎಂದ ಮಾತ್ರಕ್ಕೆ ಅದು ದುರ್ಬಲರ ದನಿ ಅಂತ ಮೊದಲೇ ತೀರ್ಮಾನಿಸಿದರೆ ಓದು ಅಲ್ಲಿಗೇ ಮುಗಿಯುತ್ತೆ. ಬರೆದವರು ಬೆಲೆ ತೆತ್ತದ್ದೂ ಅಷ್ಟೇ ನಿಜ. ಗಂಜೀರ್ 2014ರಲ್ಲಿ, ಟಿವಿಯಲ್ಲಿ ಅವರ ಮೇಲೆ ಆರೋಪ ಹೊರಿಸಿದ ಮೇಲೆ, ಈಜಿಪ್ಟ್ ಬಿಟ್ಟರು. ಈ ಚಿತ್ರಗಳನ್ನೆಲ್ಲ ಕಲೆಹಾಕಿದ ‘ವಾಲ್ಸ್ ಆಫ್ ಫ್ರೀಡಂ’ ಪುಸ್ತಕ 2014ರಲ್ಲಿ ಬಂತು. ಮರುವರ್ಷ ಅದರ ಪ್ರತಿಗಳನ್ನು ಈಜಿಪ್ಟಿನ ಕಸ್ಟಮ್ಸ್ ಹಿಡಿದಿಟ್ಟಿತು. ಗೋಡೆ ಅಳಿಸಿ ಮುಗಿದ ಮೇಲೆ ಪಡಿಯಚ್ಚಿನ ಮೇಲೆ ಕಣ್ಣು ಬಿತ್ತು ಅನ್ನಿ.

ಇದೇ ಕೈರೋದಲ್ಲಿ ಲಿಪಿಶಾಸ್ತ್ರದವರು ವಿಶೇಷವಾಗಿ ಗಮನಿಸಬೇಕಾದ ಒಬ್ಬರಿದ್ದಾರೆ: ಬಾಹಿಯಾ ಶೆಹಾಬ್. ಅರಬ್ಬಿ ಲಿಪಿಯ ಇತಿಹಾಸಕಾರ್ತಿ. ಅರಬ್ಬಿಯಲ್ಲಿ ‘ಇಲ್ಲ’, ‘ಬೇಡ’ ಅನ್ನುವುದಕ್ಕೆ ‘ಲಾ’. ಲಾಮ್, ಅಲಿಫ್ ಎರಡೂ ಹೆಣೆದುಕೊಂಡ ಒಂದು ಕೂಡಕ್ಷರ. ನಾವು ಜ, ಬ, ಲ ಅಕ್ಷರಗಳ ರೂಪ ನೋಡಿ ಕಾಲ ಅಂದಾಜು ಮಾಡುತ್ತೇವಲ್ಲ, ಹಾಗೆಯೇ ಆ ಹೆಣಿಗೆಯ ರೂಪವೂ ಕಾಲಕ್ಕೆ, ದೇಶಕ್ಕೆ ತಕ್ಕಂತೆ ಬದಲಾಗುತ್ತಾ ಬಂದಿದೆ. ಶೆಹಾಬ್ 2010ರಲ್ಲಿ ಮ್ಯೂನಿಕ್‌ನ ಒಂದು ಪ್ರದರ್ಶನಕ್ಕೆಂದು ಮಸೀದಿ, ಬಟ್ಟೆ, ಮಡಕೆ, ಪುಸ್ತಕ ಎಲ್ಲೆಂದರಲ್ಲಿಂದ ಸಾವಿರ ‘ಲಾ’ಗಳನ್ನು ಕಲೆಹಾಕಿ ಪುಸ್ತಕವನ್ನೂ ತಂದರು. ಪಕ್ಕಾ ನಮ್ಮ ಥರದ ಕೆಲಸ. ಮರುವರ್ಷ ಬೀದಿಯಲ್ಲಿ ಹೆಣ ಬಿದ್ದಾಗ ಆ ‘ಲಾ’ಗಳನ್ನು ಒಂದೊಂದಾಗಿ ಕೊರೆಯಚ್ಚು ಮಾಡಿ ಕೈರೋದ ಗೋಡೆಗಳ ಮೇಲೆ ಸಿಂಪಡಿಸತೊಡಗಿದರು. ಸೇನಾ ಆಡಳಿತ ಬೇಡ. ಹಿಂಸೆ ಬೇಡ. 2011ರ ಡಿಸೆಂಬರಿನಲ್ಲಿ ಸೈನಿಕರು ಒಬ್ಬ ಹೆಣ್ಣುಮಗಳನ್ನು ಬೀದಿಯಲ್ಲಿ ಎಳೆದಾಡಿ ಬಟ್ಟೆ ಕಿತ್ತಾಗ, ಬಟ್ಟೆ ಕೀಳುವುದು ಬೇಡ ಅಂತ ನೀಲಿ ಒಳಉಡುಪಿನ ಚಿತ್ರ.

ಗೋಡೆಗೆ ಬಂದಾಗ ಆ ಅಕ್ಷರ ತನ್ನ ಮೂಲಸ್ಥಾನ ಕಳೆದುಕೊಂಡಿತು, ಯಾವ ಮಸೀದಿಯದ್ದು, ಯಾವ ಶತಮಾನದ್ದು ಅಂತ ದಾರಿಹೋಕರಿಗೆ ಗೊತ್ತಾಗುವುದಿಲ್ಲ ಅನ್ನುವ ಆಕ್ಷೇಪ ಬರಬಹುದು. ಅದು ನಿಜ. ಆದರೆ ಪುಸ್ತಕದಲ್ಲಿ ಸಾವಿರ ‘ಬೇಡ’ಗಳು ಸಾಲಾಗಿ ನಿಂತಿದ್ದರೂ ಏನು ಬೇಡ ಅನ್ನುವುದು ಇರಲಿಲ್ಲ. ಬೀದಿಯಲ್ಲಿ ಆ ನಿಷೇಧಕ್ಕೆ ಕರ್ಮಪದ ಸಿಕ್ಕಿತು. ಇನ್ನೊಂದು, ಕೊರೆಯಚ್ಚು ರಾಜಮುದ್ರೆಯ ಥರ. ಒಂದು ಗೋಡೆಯಲ್ಲಿ ಅಳಿಸಿದರೆ ಇನ್ನೊಂದು ಗೋಡೆಗೆ ಒತ್ತಬಹುದು. ಅಬೂ ಬಕ್ರ್ ಬರೆದ ಮುಖ ಹೋದರೆ ಹೋಯಿತು, ಮತ್ತೆ ಬರೆದರೆ ಅದು ಬೇರೆಯೇ ಮುಖ. ಎರಡೂ ನಶ್ವರವೇ, ಆದರೆ ನಶ್ವರತೆಯ ಬಗೆ ಬೇರೆ ಬೇರೆ. ಬೀದಿಕಲೆ ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ವಿಮರ್ಶೆ ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ.

ಹಾಗಾದರೆ ಉಳಿಸಿಕೊಳ್ಳಬಾರದೇ? ಪರಂಪರೆಯ ಬಗ್ಗೆ ಕಾಳಜಿ ಇರುವ ನಮಗೆ ಮೊದಲು ಬರುವ ಪ್ರಶ್ನೆ ಇದೇ. ಉಳಿಸಿದ ಕಡೆ ಏನಾಗಿದೆ ನೋಡಿ. ಬರ್ಲಿನ್ನಿನ ಈಸ್ಟ್ ಸೈಡ್ ಗ್ಯಾಲರಿ, ಸುಮಾರು 1.3 ಕಿಲೋಮೀಟರ್ ಉದ್ದದ ಗೋಡೆ. ಅಲ್ಲಿನ ಚಿತ್ರಗಳು ಗೋಡೆಯ ವಿರುದ್ಧ ಜೀವ ಪಣಕ್ಕಿಟ್ಟು ಬರೆದವು ಅಂತ ಎಷ್ಟೋ ಪ್ರವಾಸಿಗರ ನಂಬಿಕೆ. ಅವು 1990ರವು, ಗೋಡೆ ತೆರೆದುಕೊಂಡ ಮೇಲಿನವು, ಅದೂ ಪೂರ್ವದ ಮುಖದ ಮೇಲೆ. ಗೋಡೆ ಕಾವಲಿನಲ್ಲಿದ್ದಾಗ ಆ ಮುಖದ ಹತ್ತಿರವೂ ಯಾರೂ ಸುಳಿಯುವಂತಿರಲಿಲ್ಲ. ಬರಹಗಳಿದ್ದದ್ದು ಪಶ್ಚಿಮದ ಕಡೆಗೆ. 2009ರಲ್ಲಿ ಜೀರ್ಣೋದ್ಧಾರ ನಡೆದಾಗ ಹಳೆಯ ಚಿತ್ರಗಳನ್ನು ತೆಗೆದುಹಾಕಿ, ಅದೇ ಕಲಾವಿದರಿಂದ ಅದೇ ಚಿತ್ರವನ್ನು ಮತ್ತೆ ಬರೆಸಿದರು. ಕೆಲವರು ಒಪ್ಪಲಿಲ್ಲ. ಬ್ರೆಜ್ನೆವ್, ಹೊನೆಕರ್ ಚುಂಬಿಸುವ ಆ ಪ್ರಸಿದ್ಧ ಚಿತ್ರವನ್ನು ದ್ಮಿತ್ರಿ ವ್ರೂಬೆಲ್ ಹಾಗೇ ಮತ್ತೆ ಬರೆದುಕೊಟ್ಟರು. ಇವತ್ತು ನೀವು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರೆ ಹಿಂದೆ ಇರುವುದು 2009ರ ಬಣ್ಣ. ಸವೆದ ಶಾಸನವನ್ನು ಕಿತ್ತು ಹೊಸ ಗ್ರಾನೈಟಿನಲ್ಲಿ ಅದೇ ಪಾಠ ಕೆತ್ತಿಸಿ ನಿಲ್ಲಿಸಿದರೆ ನಾವು ಸುಮ್ಮನಿರುತ್ತೇವೆಯೇ? 2009ರದ್ದೂ ಒಂದು ಪಾಠವೇ, ಒಪ್ಪುತ್ತೇನೆ. ಆದರೆ ಫಲಕದಲ್ಲಿ ಮರುಲೇಖನ ಅಂತ ದೊಡ್ಡ ಅಕ್ಷರದಲ್ಲಿ ಇರಬೇಕು.

ಇಟಲಿಯ ಬೊಲೋನ್ಯಾದಲ್ಲಿ 2016ರಲ್ಲಿ ನಡೆದದ್ದು ಇದರ ಇನ್ನೊಂದು ತುದಿ. ಬೀದಿಕಲೆಯ ದೊಡ್ಡ ಪ್ರದರ್ಶನಕ್ಕೆಂದು ಗೋಡೆಗಳಿಂದ ಚಿತ್ರಗಳನ್ನು ಕಿತ್ತು ಒಳಗೆ ತಂದರು. ಬ್ಲೂ ಎಂಬ ಕಲಾವಿದ ಇಪ್ಪತ್ತು ವರ್ಷದಿಂದ ಆ ಊರಿನಲ್ಲಿ ಬರೆದಿದ್ದ ತಮ್ಮ ಚಿತ್ರಗಳನ್ನೆಲ್ಲ, ಊರ ಗೆಳೆಯರನ್ನು ಕೂಡಿಕೊಂಡು, ಬೂದುಬಣ್ಣ ಬಳಿದು ಮುಗಿಸಿಬಿಟ್ಟರು. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ವೀರಗಲ್ಲನ್ನು ಊರಿನಿಂದ ಕಿತ್ತು ಯಾರದೋ ಬಂಗಲೆಯ ತೋಟದಲ್ಲಿ ನೆಟ್ಟದ್ದನ್ನು ಕಂಡಾಗಲೂ ಉರಿಯುವ ಹೊಟ್ಟೆ ಇದೇ.

ನಮ್ಮ ಕಡೆಗೂ ಒಂದು ನೋಟ. ಅನುಮತಿ ಇಲ್ಲದೆ ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಬರೆಯುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆ ಇದೆ. ಅದರ ಹೆಸರಿನಲ್ಲೇ ‘ವಿರೂಪ’ ಇದೆ. ಬೆಂಗಳೂರಿನಲ್ಲಿ ಬಾದಲ್ ನಂಜುಂಡಸ್ವಾಮಿ ಕಂಡುಕೊಂಡ ದಾರಿ ಬೇರೆ, ಗೋಡೆ ಬಿಟ್ಟು ರಸ್ತೆಗುಂಡಿಗೆ ಇಳಿದರು. 2015ರಲ್ಲಿ ಸುಲ್ತಾನ್‌ಪಾಳ್ಯದ ಗುಂಡಿಯಲ್ಲಿ ಮೊಸಳೆ, 2019ರಲ್ಲಿ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ಚಂದ್ರನಡಿಗೆ. ಎರಡು ಸಲವೂ ರಿಪೇರಿ ಬೇಗ ಆಯಿತು. ಇಲ್ಲಿ ಅಳಿಸುವ ಸುಣ್ಣದ ಜಾಗಕ್ಕೆ ಡಾಂಬರು ಬಂದಿದೆ, ಮತ್ತು ಆ ಡಾಂಬರು ಬೀಳಲಿ ಅಂತಲೇ ಬರೆದದ್ದು. ‘ಆಚಂದ್ರಾರ್ಕ’ ಅಂತ ಹರಸಿದರೆ ಬಾದಲ್ ಅವರಿಗೇ ಬೇಜಾರಾದೀತು.

2025ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಕೋರ್ಟ್ಸ್ ಆಫ್ ಜಸ್ಟೀಸ್ ಗೋಡೆಯ ಮೇಲೆ ಬ್ಯಾಂಕ್ಸಿ ಬರೆದ ಚಿತ್ರದಲ್ಲಿ ವಿಗ್ ಹಾಕಿದ ನ್ಯಾಯಾಧೀಶ ಕೆಳಗೆ ಬಿದ್ದ ಪ್ರತಿಭಟನಕಾರನಿಗೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಸಂರಕ್ಷಿತ ಕಟ್ಟಡ ಅನ್ನುವ ಕಾರಣ ಕೊಟ್ಟು ಎರಡೇ ದಿನದಲ್ಲಿ ಉಜ್ಜಿ ತೆಗೆದರು. ಕಲ್ಲಿನ ಮೇಲೆ ಅದೇ ಆಕಾರದ ಮಸುಕು ನೆರಳು ಉಳಿಯಿತು, ಹಾತ್‌ಶೆಪ್ಸುತ್ ಗಾಯದ ಹಾಗೆ. ಪರಂಪರೆಯನ್ನು ಕಾಪಾಡುವ ಹೆಸರಿನಲ್ಲಿ ಅಳಿಸಿದ್ದು ಎನ್ನುವುದನ್ನು ನಮ್ಮಂಥವರು ಎರಡು ಸಲ ಓದಬೇಕು. ಸಂಪಾದಕನಾಗಿ ನಾನು ಇದನ್ನು ಎರಡು ನಮೂದು ಮಾಡುತ್ತೇನೆ: ಜೋಡಿ ಆವರಣದೊಳಗೆ ಚಿತ್ರ, ಅದರ ಕೆಳಗೆ ಬೇರೆ ತಾರೀಖಿನಲ್ಲಿ ನೆರಳು.

ನಿಮ್ಮೂರಿನ ಹಳೆಯ ಗೋಡೆಗಳಲ್ಲಿ ಕಾವಿಯಲ್ಲೋ ನೀಲಿಯಲ್ಲೋ ಬರೆದ ಚುನಾವಣೆಯ ಗುರುತು, ಚಳವಳಿಯ ಘೋಷಣೆ ಇನ್ನೂ ಇಣುಕುತ್ತಿದ್ದರೆ ಫೋಟೋ ತೆಗೆದಿಡಿ. ಅಳತೆಪಟ್ಟಿ ಇಟ್ಟು, ತಾರೀಖು ಬರೆದು, ಗೋಡೆ ಪೂರ್ತಿ ಬರುವ ಹಾಗೆ ಒಂದು, ಹತ್ತಿರದಿಂದ ಒಂದು. ಸುಣ್ಣ ಎದ್ದಿರುವ ಅಂಚನ್ನು ಉಗುರಲ್ಲಿ ಕೆರೆಯಬೇಡಿ. ಅಂಚು ಎಲ್ಲಿ ನಿಂತಿದೆ ಅನ್ನುವುದು ಫೋಟೋದಲ್ಲಿ ಕಾಣಲಿ, ಸಾಧ್ಯವಾದರೆ ಕೊನೆಯ ಸಲ ಸುಣ್ಣ ಹೊಡೆದವರನ್ನು ಮಾತಾಡಿಸಿ ವರ್ಷ ಕೇಳಿ ಬರೆದುಕೊಳ್ಳಿ.